ಗೋಡೆ ಮೇಲಿನ ವೃತ್ತ, ಗೆರೆ, ತ್ರಿಕೋನ: ಕಟ್ಟು ಹಾಕಿದ ಪ್ರಿಂಟ್‌ಗೆ ಕೊಡೋ ದುಡ್ಡು ಎಲ್ಲಿಗೆ ಹೋಗುತ್ತೆ?

ಇದು ಈ ವಾರದ ಸಂಚಿಕೆಯ ಬರಹ ರೂಪ. ಇಯರ್‌ಫೋನ್ ಮನೇಲಿ ಮರೆತು ಬಸ್ ಹತ್ತಿದವರು ಓದಿಕೊಳ್ಳಬಹುದು.

ಈ ಸಲದ ವಿಷಯ ಕೇಳುಗರೊಬ್ಬರ ವಾಯ್ಸ್ ನೋಟ್‌ನಿಂದ ಹುಟ್ಟಿದ್ದು. ಅವರು ಈಗಷ್ಟೇ ಕೆಲಸಕ್ಕೆ ಸೇರಿದ್ದಾರೆ. ಬಾಡಿಗೆ ಮನೆ, ಖಾಲಿ ಗೋಡೆ. ವೃತ್ತ, ತ್ರಿಕೋನ, ಗೆರೆಗಳೇ ತುಂಬಿರೋ ಒಂದು ಅಮೂರ್ತ ಚಿತ್ರದ ಪ್ರಿಂಟ್ ಹಾಕಬೇಕು ಅಂತ ಆಸೆ. ಆನ್‌ಲೈನ್‌ನಲ್ಲಿ ಹುಡುಕಿದ್ರೆ ಅದೇ ಚಿತ್ರ ಒಂದು ಕಡೆ 600 ರೂಪಾಯಿ, ಇನ್ನೊಂದು ಕಡೆ 9,000 ರೂಪಾಯಿ. ದುಬಾರಿ ಇರೋ ಕಡೆ ‘ಲಿಮಿಟೆಡ್ ಎಡಿಷನ್, ಮ್ಯೂಸಿಯಂ ಕ್ವಾಲಿಟಿ, ಸರ್ಟಿಫಿಕೇಟ್ ಸಹಿತ, ಮುಂದೆ ಬೆಲೆ ಏರುತ್ತೆ’ ಅಂತ ಬರೆದಿದೆ. ಅವರ ಪ್ರಶ್ನೆ ಇಷ್ಟೇ: “ಇಎಂಐ ಹಾಕಿ 9,000ದ್ದೇ ತಗೊಳ್ಳಲಾ? ಹೇಗಿದ್ರೂ ಇನ್ವೆಸ್ಟ್‌ಮೆಂಟ್ ಅಲ್ವಾ?”

ಉತ್ತರವನ್ನ ಮೊದಲೇ ಹೇಳಿಬಿಡ್ತೀನಿ. ಅಲ್ಲ. ಮುದ್ರಿತ ಪ್ರತಿ ಅನ್ನೋದು ಖರ್ಚು, ಹೂಡಿಕೆ ಅಲ್ಲ. ಆ ಖರ್ಚು ತಪ್ಪೇನಲ್ಲ, ದಿನಾ ನೋಡಿ ಖುಷಿಪಡೋ ವಸ್ತುವಿಗೆ ದುಡ್ಡು ಕೊಡಬಹುದು. ಆದರೆ ನೀವು ಕೊಡ್ತಿರೋದು ಕಾಗದಕ್ಕೆ, ಇಂಕಿಗೆ, ಕಟ್ಟಿಗೆ. ಕಲಾವಿದನ ಕೈಗಲ್ಲ. ಇದು ಸ್ಪಷ್ಟವಾದ್ರೆ ಸರಿಯಾದ ಬೆಲೆ ಯಾವುದು ಅಂತ ನೀವೇ ಲೆಕ್ಕ ಹಾಕಬಹುದು. ಗಣಿತದಿಂದ ಹುಟ್ಟಿದ ಚಿತ್ರಗಳಲ್ಲಿ ಇನ್ನೊಂದು ಅನುಕೂಲ ಇದೆ: ಪ್ರಿಂಟ್ ಚೆನ್ನಾಗಿದೆಯಾ ಇಲ್ವಾ ಅಂತ ಸ್ಕೂಲ್ ಸ್ಕೇಲ್ ಹಿಡಿದೇ ಪರೀಕ್ಷೆ ಮಾಡಬಹುದು.

ಗಣಿತದ ಚಿತ್ರ ಅಂದ್ರೆ ಯಾವುದು?

ಕೆಲವು ಚಿತ್ರಗಳಲ್ಲಿ ಗಣಿತ ನೇರವಾಗಿಯೇ ಇರುತ್ತೆ. ಅಮೆರಿಕದ ಕ್ರಾಕೆಟ್ ಜಾನ್ಸನ್ ಮಕ್ಕಳ ಪುಸ್ತಕಗಳಿಂದ ಹೆಸರಾದವರು. 1965ರಿಂದ 1975ರಲ್ಲಿ ತೀರಿಕೊಳ್ಳೋವರೆಗೆ ಅವರು ನೂರಕ್ಕೂ ಹೆಚ್ಚು ಗಣಿತದ ಚಿತ್ರಗಳನ್ನ ಬರೆದರು. ಹತ್ತನೇ ಕ್ಲಾಸಿನಲ್ಲಿ ನಮ್ಮನ್ನ ಕಾಡಿದ ಪೈಥಾಗೊರಸ್ ಪ್ರಮೇಯದ ಸಾಧನೆಯನ್ನೇ ಬಣ್ಣದ ತುಂಡುಗಳಲ್ಲಿ ಬರೆದಿದ್ದಾರೆ. ಅವರ 80 ಚಿತ್ರಗಳು ಇವತ್ತು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿವೆ.

ಇನ್ನು ಕೆಲವರಲ್ಲಿ ಪ್ರಮೇಯ ಇಲ್ಲ, ಆದರೆ ಚಿತ್ರದ ಭಾಷೆಯೇ ರೇಖಾಗಣಿತ. ಇಲ್ಲಿ ದೊಡ್ಡ ಹೆಸರು ವಾಸಿಲಿ ಕಾಂಡಿನ್ಸ್ಕಿ. ಕಾಮರ್ಸ್ ಓದಿದ ನನಗೆ ಈ ಮನುಷ್ಯನ ಬಗ್ಗೆ ಸ್ವಲ್ಪ ಜಾಸ್ತಿನೇ ಪ್ರೀತಿ. ಯಾಕಂದ್ರೆ ಅವರು ಮಾಸ್ಕೋದಲ್ಲಿ ಓದಿದ್ದು ಕಾನೂನು ಮತ್ತು ಅರ್ಥಶಾಸ್ತ್ರ. ಮೂವತ್ತರ ವಯಸ್ಸಿನಲ್ಲಿ, 1896ರಲ್ಲಿ, ಪ್ರೊಫೆಸರ್ ಕೆಲಸ ಬೇಡ ಅಂತ ಹೇಳಿ ಚಿತ್ರ ಕಲಿಯೋಕೆ ಮ್ಯೂನಿಕ್‌ಗೆ ಹೋದರು. 1922ರಲ್ಲಿ ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಮೇಷ್ಟ್ರಾದರು. 1926ರಲ್ಲಿ ಅವರು ಪ್ರಕಟಿಸಿದ ಪುಸ್ತಕದ ವಿಷಯವೇ ಬಿಂದು, ರೇಖೆ ಮತ್ತು ಸಮತಲ.

ಕಟ್ಟು ಹಾಕಿದ ಪ್ರಿಂಟ್‌ಗಳ ಮಾರುಕಟ್ಟೆಯಲ್ಲಿ ಅವರ ಎರಡು ಚಿತ್ರ ಪದೇ ಪದೇ ಕಣ್ಣಿಗೆ ಬೀಳುತ್ತವೆ. ಒಂದು 1923ರ ‘ಕಾಂಪೊಸಿಷನ್ 8’. ಇನ್ನೊಂದು 1926ರ ‘ಸೆವೆರಲ್ ಸರ್ಕಲ್ಸ್’, ಅಂದ್ರೆ ಹಲವು ವೃತ್ತಗಳು. ಎರಡರ ಮೂಲವೂ ನ್ಯೂಯಾರ್ಕಿನ ಗುಗ್ಗೆನ್‌ಹೈಮ್ ಮ್ಯೂಸಿಯಂನಲ್ಲಿವೆ. ಇವತ್ತು ಇವೆರಡನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

‘ಪ್ರಿಂಟ್’ ಒಂದೇ ಪದ, ಅರ್ಥ ಎರಡು

ಮೊದಲ ಗೊಂದಲ ಇಲ್ಲೇ ಶುರುವಾಗೋದು. ಡಚ್ ಕಲಾವಿದ ಎಂ.ಸಿ. ಎಷರ್ ಹೆಸರು ಕೇಳಿರ್ತೀರಿ. ಗಣಿತದಲ್ಲಿ ಔಪಚಾರಿಕ ಶಿಕ್ಷಣ ಇಲ್ಲದ ಮನುಷ್ಯ. 1958ರಲ್ಲಿ ಗಣಿತಜ್ಞ ಕಾಕ್ಸೆಟರ್ ಅವರ ಒಂದು ಲೇಖನದಲ್ಲಿದ್ದ ರೇಖಾಚಿತ್ರ ನೋಡಿ, ವೃತ್ತದ ಅಂಚಿಗೆ ಹೋದ ಹಾಗೆ ಆಕೃತಿಗಳು ಚಿಕ್ಕದಾಗ್ತಾ ಅನಂತಕ್ಕೆ ಹೋಗೋ ‘ಸರ್ಕಲ್ ಲಿಮಿಟ್’ ಸರಣಿಯನ್ನ ಮಾಡಿದರು. ಮೂರನೆಯದು 1959ರದ್ದು. ಇಪ್ಪತ್ತು ವರ್ಷ ಆದ ಮೇಲೆ ಕಾಕ್ಸೆಟರ್ ಲೆಕ್ಕ ಹಾಕಿ ನೋಡಿದರೆ, ಅದರ ಬಿಳಿ ಕಮಾನುಗಳು ಅಂಚನ್ನ ಮುಟ್ಟೋ ಕೋನ ಸುಮಾರು 80 ಡಿಗ್ರಿ ಇರಬೇಕು ಅಂತ ಬಂತು. ಎಷರ್ ಬರೀ ಕಣ್ಣಳತೆಯಲ್ಲಿ ಅದನ್ನ ಸರಿಯಾಗಿ ಕೆತ್ತಿದ್ದರು.

ಎಷರ್ ಅದನ್ನ ಕೆತ್ತಿದ್ದು ಮರದ ಹಲಗೆಯಲ್ಲಿ. ಆ ಹಲಗೆಗೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿದ ಪ್ರತಿಗಳೂ ‘ಪ್ರಿಂಟ್’ಗಳೇ. ಆದರೆ ಅವು ಮೂಲ ಕೃತಿಗಳು. ಸಂಖ್ಯೆ ಕಡಿಮೆ, ಕಲಾವಿದನ ಕೈಕೆಲಸ ಇದೆ, ಹರಾಜಿನಲ್ಲಿ ಬೆಲೆಯೂ ಇದೆ. ನಾವು ಆನ್‌ಲೈನ್‌ನಲ್ಲಿ ನೋಡೋದು ಇದಲ್ಲ. ಅದು ಮೂಲ ಚಿತ್ರದ ಫೋಟೋ ತೆಗೆದು, ಆ ಫೈಲ್‌ನ ಮೆಷಿನ್‌ನಲ್ಲಿ ಮುದ್ರಿಸಿದ ಪ್ರತಿ. ಫೈಲ್ ಇರೋವರೆಗೂ ಎಷ್ಟು ಬೇಕಾದರೂ ತೆಗೀಬಹುದು. ಕೆಲವು ಜಾಹೀರಾತುಗಳು ಮೊದಲನೆಯದರ ಮರ್ಯಾದೆಯನ್ನ ತೋರಿಸಿ ಎರಡನೆಯದನ್ನ ಮಾರ್ತವೆ.

ಹಾಗಂತ ಮುದ್ರಿತ ಪ್ರತಿ ಕೀಳು ಅಂತ ಅಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿ ಲಕ್ಷ್ಮಿ, ಸರಸ್ವತಿಯರನ್ನ ಅಚ್ಚು ಹಾಕಿಸಿದ್ದರಿಂದಲೇ ಆ ಚಿತ್ರಗಳು ಅರಮನೆಯಿಂದ ನಮ್ಮಂಥವರ ಮನೆಯ ಗೋಡೆಗೆ ಬಂದವು. ಪ್ರತಿ ಅಂತ ಗೊತ್ತಿದ್ದೇ ಜನ ಕಟ್ಟು ಹಾಕಿಸಿದರು. ಪ್ರತಿಯನ್ನ ಪ್ರತಿಯ ಬೆಲೆಗೆ ಕೊಂಡರೆ ಯಾವ ಮೋಸವೂ ಇಲ್ಲ.

ಸ್ಕೇಲ್ ತಗೊಳ್ಳಿ, ಅಳೆದು ನೋಡಿ

ಭೂದೃಶ್ಯದ ಚಿತ್ರದಲ್ಲಿ ಎಡಗಡೆ ಅರ್ಧ ಇಂಚು ಮರ ಕತ್ತರಿಸಿ ಹೋದರೆ ಯಾರಿಗೂ ಗೊತ್ತಾಗಲ್ಲ. ಆದರೆ ವೃತ್ತ ಮೊಟ್ಟೆ ಆಕಾರ ಆದರೆ? ಅಂಚಿಗೆ ತಾಗದೆ ನಿಂತ ಗೆರೆ ಅಂಚಿಗೆ ತಾಗಿಬಿಟ್ಟರೆ? ಚಿತ್ರವೇ ಬದಲಾಯಿತು. ಇಂಥ ಚಿತ್ರಗಳಲ್ಲಿ ಎಲ್ಲ ನಿಂತಿರೋದು ಅನುಪಾತದ ಮೇಲೆ.

‘ಕಾಂಪೊಸಿಷನ್ 8’ರ ಮೂಲದ ಅಳತೆ ಸುಮಾರು 140 ಸೆಂಟಿಮೀಟರ್ ಎತ್ತರ, 201 ಸೆಂಟಿಮೀಟರ್ ಅಗಲ. ಅಗಲವನ್ನ ಎತ್ತರದಿಂದ ಭಾಗಿಸಿದರೆ ಸುಮಾರು 1.44. ಈಗ ನಮ್ಮ ಜೆರಾಕ್ಸ್ ಅಂಗಡಿಯ ಎ4, ಎ3, ಎ2 ಹಾಳೆಗಳನ್ನ ತಗೊಳ್ಳಿ. ಅವೆಲ್ಲದರ ಅನುಪಾತ ಒಂದೇ, 1.41. ಎರಡೂ ಹತ್ತಿರ ಹತ್ತಿರ. ಎ2 ಹಾಳೆಯ ಪೂರ್ತಿ ಅಗಲ, ಅಂದ್ರೆ 59.4 ಸೆಂಟಿಮೀಟರ್, ಬಳಸಿದರೂ ಚಿತ್ರದ ಎತ್ತರ 41.4 ಬರುತ್ತೆ. ಹಾಳೆ 42. ಅರ್ಧ ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಬಿಳಿ ಉಳಿಯುತ್ತೆ, ಅಷ್ಟೇ. ಏನನ್ನೂ ಕತ್ತರಿಸಬೇಕಿಲ್ಲ.

ಆದರೆ ಆನ್‌ಲೈನ್‌ನಲ್ಲಿ ಸಾಮಾನ್ಯವಾಗಿ ಸಿಗೋದು ಇಂಚಿನ ಸೈಜ್‌ಗಳು: 12×18, 16×24, 18×24. ಮೊದಲ ಎರಡರ ಅನುಪಾತ 1.5, ಮೂರನೆಯದು 1.33. ‘ಕಾಂಪೊಸಿಷನ್ 8’ ಇದಕ್ಕೆ ಕೂರಲ್ಲ. ಕೂರಿಸಬೇಕು ಅಂದ್ರೆ ಮೂರೇ ದಾರಿ: ಬಿಳಿ ಅಂಚು ಬಿಡಬೇಕು, ಕತ್ತರಿಸಬೇಕು, ಇಲ್ಲಾಂದ್ರೆ ಎಳೆದು ಹಿಗ್ಗಿಸಬೇಕು ಅಥವಾ ಒತ್ತಿ ಕುಗ್ಗಿಸಬೇಕು. 18×24ಕ್ಕೆ ಒತ್ತಿ ಕೂರಿಸಿದರೆ 10 ಸೆಂಟಿಮೀಟರ್ ಎತ್ತರದ ವೃತ್ತದ ಅಗಲ 9.3 ಆಗುತ್ತೆ. ಆ ಚಿತ್ರದ ಎಡ ಮೇಲ್ಭಾಗದಲ್ಲಿ ಒಂದು ದೊಡ್ಡ ಕಪ್ಪು ವೃತ್ತ ಇದೆ, ಒಳಗೆ ನೇರಳೆ, ಸುತ್ತ ಗುಲಾಬಿ ಪ್ರಭೆ. ಅದನ್ನ ಅಡ್ಡ ಮತ್ತು ಉದ್ದ ಎರಡೂ ಕಡೆ ಅಳೆಯಿರಿ. ಎರಡೂ ಒಂದೇ ಬರದಿದ್ದರೆ ನಿಮಗೆ ಬಂದಿರೋದು ಕಾಂಡಿನ್ಸ್ಕಿ ಬರೆದ ಚಿತ್ರ ಅಲ್ಲ, ಯಾರೋ ಫೈಲ್ ಎಳೆದಾಡಿದ ಚಿತ್ರ.

‘ಸೆವೆರಲ್ ಸರ್ಕಲ್ಸ್’ ಪರೀಕ್ಷೆ ಇನ್ನೂ ಸುಲಭ. ಅದರ ಮೂಲ ಹೆಚ್ಚುಕಡಿಮೆ ಚೌಕ, ಎರಡೂ ಕಡೆ ಸುಮಾರು 140 ಸೆಂಟಿಮೀಟರ್. ಆಯತಾಕಾರದಲ್ಲಿ ಯಾರಾದ್ರೂ ತೋರಿಸಿದರೆ ಒಂದಷ್ಟು ವೃತ್ತಗಳು ಕತ್ತರಿಗೆ ಹೋಗಿವೆ ಅಂತಲೇ ಅರ್ಥ. ಅದರಲ್ಲಿ ಬಣ್ಣದ ಪರೀಕ್ಷೆಯೂ ಇದೆ. ಹಿನ್ನೆಲೆ ಬರೀ ಕಪ್ಪಲ್ಲ, ಮೋಡದ ಹಾಗೆ ಹೆಚ್ಚುಕಡಿಮೆ ಆಗೋ ಗಾಢ ಬೂದು. ಅಗ್ಗದ ಪ್ರಿಂಟ್‌ನಲ್ಲಿ ಇದು ಟಾರ್ ಹಾಕಿದ ಹಾಗೆ ಒಂದೇ ಕಪ್ಪಾಗಿಬಿಡುತ್ತೆ.

ಕ್ಯಾನ್ವಾಸ್ ಪ್ರಿಂಟ್ ಆದರೆ ಇನ್ನೊಂದು ಮಾತು ಕೇಳಿ. ಕ್ಯಾನ್ವಾಸನ್ನ ಮರದ ಚೌಕಟ್ಟಿಗೆ ಸುತ್ತಿ ಹಿಂದೆ ಪಿನ್ ಹೊಡೀತಾರೆ. ಆಗ ಚಿತ್ರದ ಅಂಚು ಪಕ್ಕಕ್ಕೆ ಮಡಚಿ ಹೋಗಬಹುದು. “ಪಕ್ಕಕ್ಕೆ ಚಿತ್ರ ಹೋಗುತ್ತಾ, ಬರೀ ಬಣ್ಣ ಹೋಗುತ್ತಾ?” ಅಂತ ಆರ್ಡರ್‌ಗೆ ಮುಂಚೆ ಕೇಳಲೇಬೇಕು.

ಫೈಲ್, ಇಂಕು, ಕಾಗದ

ಮೊಬೈಲ್‌ನಲ್ಲಿ ಚೆನ್ನಾಗಿ ಕಂಡಿದ್ದು ಗೋಡೆ ಮೇಲೆ ಮಸುಕಾಗೋದು ಯಾಕೆ? ಇದೂ ಲೆಕ್ಕವೇ. ಹತ್ತಿರದಿಂದ ನೋಡಿದರೂ ಸ್ಪಷ್ಟ ಇರಬೇಕು ಅಂದ್ರೆ ಇಂಚಿಗೆ 300 ಪಿಕ್ಸೆಲ್ ಬೇಕು ಅನ್ನೋದು ಮುದ್ರಣದವರ ರೂಢಿ. ಎ2 ಹಾಳೆಗೆ ಅದು ಸುಮಾರು 7,000×5,000 ಪಿಕ್ಸೆಲ್. ಸ್ವಲ್ಪ ದೂರದಿಂದ ನೋಡೋ ಗೋಡೆಗೆ 150 ಆದರೂ ನಡೆಯುತ್ತೆ, ಅಂದ್ರೆ ಅಗಲಕ್ಕೆ 3,500. ನೆಟ್‌ನಿಂದ ಇಳಿಸಿದ 1,500 ಪಿಕ್ಸೆಲ್ ಅಗಲದ ಫೋಟೋನ ಎ2ಗೆ ಹಾಕಿದರೆ ಇಂಚಿಗೆ 64 ಸಿಗುತ್ತೆ. ತೆಳು ಗೆರೆಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣೋದು ಇದಕ್ಕೇ.

ಮುದ್ರಣದಲ್ಲಿ ಎರಡು ಮುಖ್ಯ ಬಗೆ. ಒಂದು ಪೋಸ್ಟರ್ ಥರದ ಆಫ್‌ಸೆಟ್. ಸಾವಿರಗಟ್ಟಲೆ ಒಟ್ಟಿಗೆ ಹೊಡೆಯೋದ್ರಿಂದ ಅಗ್ಗ. ಫೋನ್ ಕ್ಯಾಮೆರಾ ಜೂಮ್ ಮಾಡಿ ನೋಡಿದ್ರೆ ನಾಲ್ಕು ಬಣ್ಣದ ಚುಕ್ಕಿಗಳ ಜಾಲರಿ ಕಾಣುತ್ತೆ. ಇನ್ನೊಂದು ಇಂಕ್‌ಜೆಟ್. ಇದನ್ನೇ ಜಾಹೀರಾತಿನಲ್ಲಿ ‘ಜೀಕ್ಲೇ’ ಅಂತ ಗತ್ತಿನಿಂದ ಬರೀತಾರೆ. ಈ ಪದವನ್ನ 1991ರಲ್ಲಿ ಕ್ಯಾಲಿಫೋರ್ನಿಯಾದ ಜಾಕ್ ಡುಗಾನ್ ಅನ್ನೋ ಮುದ್ರಕ, ಚಿಮ್ಮಿಸು ಅನ್ನೋ ಅರ್ಥದ ಫ್ರೆಂಚ್ ಪದದಿಂದ ಮಾಡಿಕೊಂಡಿದ್ದು. ಸರಳವಾಗಿ ಹೇಳಿದ್ರೆ ಇಂಕು ಚಿಮ್ಮಿಸಿದ ಪ್ರಿಂಟ್. ಆ ಹೆಸರಿಗಾಗಿ ದುಡ್ಡು ಕೊಡಬೇಡಿ. ಕೇಳಬೇಕಾದ್ದು ಎರಡೇ ಪ್ರಶ್ನೆ.

ಒಂದು, ಇಂಕು ಪಿಗ್ಮೆಂಟಾ, ಡೈನಾ? ಡೈ ನೀರಲ್ಲಿ ಕರಗಿದ ಬಣ್ಣ, ಬೆಳಕಿಗೆ ಬೇಗ ಮಾಸುತ್ತೆ. ಪಿಗ್ಮೆಂಟ್ ಅಂದ್ರೆ ಬಣ್ಣದ ಸೂಕ್ಷ್ಮ ಕಣಗಳು, ಬಹಳ ಕಾಲ ನಿಲ್ಲುತ್ತೆ. ಎರಡು, ಕಾಗದ ಯಾವುದು, ಎಷ್ಟು ಜಿಎಸ್‌ಎಂ? ಹಳೇ ನ್ಯೂಸ್‌ಪೇಪರ್ ಹಳದಿ ಆಗೋದು ಮರದ ತಿರುಳಿನಲ್ಲಿರೋ ಲಿಗ್ನಿನ್ ಮತ್ತು ಆಮ್ಲದಿಂದ. ಆಮ್ಲರಹಿತ ಕಾಗದ, ಅದರಲ್ಲೂ ಹತ್ತಿಯ ಕಾಗದ, ಹಾಗಾಗಲ್ಲ. ಪಿಗ್ಮೆಂಟ್ ಇಂಕು ಮತ್ತು ಹತ್ತಿ ಕಾಗದ, ಈ ಜೋಡಿಗೆ ಬೆಲೆ ಜಾಸ್ತಿ ಆಗೋದು ನ್ಯಾಯ. ಉತ್ತರ ಹೇಳದೆ “ಮ್ಯೂಸಿಯಂ ಕ್ವಾಲಿಟಿ ಸರ್” ಅಂತ ಮಾತ್ರ ಹೇಳಿದರೆ ಮುಂದಕ್ಕೆ ಹೋಗಿ. ಆ ಪದ ಯಾರು ಬೇಕಾದರೂ ಬಳಸಬಹುದು.

ಕಟ್ಟಿನ ವಿಷಯ

ಒಳ್ಳೆ ಪ್ರಿಂಟ್ ಹಾಳಾಗೋದು ಬಹುತೇಕ ಕಟ್ಟಿನಿಂದ. ಪ್ರಿಂಟ್ ಗಾಜಿಗೆ ನೇರವಾಗಿ ಅಂಟಿರಬಾರದು. ಮಳೆಗಾಲದಲ್ಲಿ ಒಳಗೆ ತೇವ ಕಟ್ಟಿದರೆ ಇಂಕು ಗಾಜಿಗೇ ಅಂಟಿಕೊಳ್ಳುತ್ತೆ, ಬೂಷ್ಟು ಹಿಡಿಯುತ್ತೆ. ಕರಾವಳಿ, ಮಲೆನಾಡಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಸುತ್ತ ಹಾಕೋ ದಪ್ಪ ರಟ್ಟಿನ ಅಂಚು, ಅಂಗಡಿಯಲ್ಲಿ ‘ಮೌಂಟ್’ ಅಂತಾರಲ್ಲ, ಅದು ಬರೀ ಶೋಕಿಗೆ ಅಲ್ಲ. ಗಾಜು ಮತ್ತು ಕಾಗದದ ನಡುವೆ ಗಾಳಿಗೆ ಜಾಗ ಬಿಡೋದೇ ಅದರ ಕೆಲಸ. ಮೌಂಟ್ ಕೂಡ ಆಮ್ಲರಹಿತ ಇರಲಿ. ಇಲ್ಲಾಂದ್ರೆ ಕೆಲವು ವರ್ಷದಲ್ಲಿ ಅದರ ಒಳ ಅಂಚಿನಿಂದ ಕಂದು ಬಣ್ಣ ಪ್ರಿಂಟ್‌ಗೆ ಇಳಿಯುತ್ತೆ.

ಬಾಡಿಗೆ ಮನೆಯವರಿಗೆ ತೂಕದ ಲೆಕ್ಕ ಬೇಕು. 50×70 ಸೆಂಟಿಮೀಟರ್ ಕಟ್ಟಿಗೆ 2 ಮಿಲಿಮೀಟರ್ ಗಾಜು ಹಾಕಿದರೆ ಗಾಜು ಒಂದೇ ಸುಮಾರು 1.75 ಕೆ.ಜಿ. ಅಷ್ಟೇ ದಪ್ಪದ ಅಕ್ರಿಲಿಕ್ ಹಾಳೆ ಅದರ ಅರ್ಧಕ್ಕಿಂತ ಕಡಿಮೆ, ಸುಮಾರು 830 ಗ್ರಾಂ. ಓನರ್ ಮೊಳೆ ಹೊಡೆಯೋಕೆ ಬಿಡಲ್ಲ, ಅಂಟಿಸೋ ಹುಕ್ಕೇ ಗತಿ ಅಂದ್ರೆ ಅಕ್ರಿಲಿಕ್ ವಾಸಿ. ಕೊರಿಯರ್‌ನಲ್ಲಿ ಒಡೆಯೋ ಭಯವೂ ಇಲ್ಲ. ಆದರೆ ಬೇಗ ಗೀರು ಬೀಳುತ್ತೆ, ಒರಟು ಬಟ್ಟೆಯಲ್ಲಿ ಒರೆಸಬೇಡಿ.

ಚೌಕಟ್ಟು ಮರದ್ದಾ, ಎಂಡಿಎಫ್ ಮೇಲೆ ಕಾಗದ ಅಂಟಿಸಿದ್ದಾ ಅಂತ ಕೇಳಿ. ಎಂಡಿಎಫ್ ನೀರು ಕುಡಿದರೆ ಊದಿಕೊಳ್ಳುತ್ತೆ. ಹಿಂಭಾಗವನ್ನ ಟೇಪ್‌ನಿಂದ ಪೂರ್ತಿ ಮುಚ್ಚಿಸಿ, ಕಾಗದ ತಿನ್ನೋ ಹುಳ ಒಳಗೆ ಹೋಗಬಾರದು. ಕೆಳಗಿನ ಎರಡು ಮೂಲೆಗೆ ರಬ್ಬರ್ ತುಂಡು ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡುತ್ತೆ. ನೇರ ಬಿಸಿಲು ಬೀಳೋ ಗೋಡೆಗಂತೂ ಹಾಕಲೇಬೇಡಿ.

ಈಗ ಕಾಸ್ಟ್ ಶೀಟ್

ಬಿಕಾಂನಲ್ಲಿ ಕಲಿತದ್ದು ಒಮ್ಮೆಯಾದರೂ ಉಪಯೋಗಕ್ಕೆ ಬರಲಿ. 9,000 ರೂಪಾಯಿಯೊಳಗೆ ಏನೇನಿದೆ? ಪ್ರಿಂಟ್, ಮೌಂಟ್, ಗಾಜು, ಚೌಕಟ್ಟು, ಪ್ಯಾಕಿಂಗ್, ಕೊರಿಯರ್, ವೆಬ್‌ಸೈಟ್ ಕಮಿಷನ್, ಜಾಹೀರಾತು, ಲಾಭ. ಕಾಂಡಿನ್ಸ್ಕಿಯ ಪಾಲು? ಸೊನ್ನೆ. ಹಾಗಾಗಿ ಒಂದು ಕೆಲಸ ಮಾಡಿ. ನಿಮ್ಮ ಊರಿನ ಡಿಜಿಟಲ್ ಪ್ರಿಂಟ್ ಲ್ಯಾಬ್‌ನಲ್ಲಿ ‘ಎ2, ಪಿಗ್ಮೆಂಟ್ ಇಂಕು, ಆಮ್ಲರಹಿತ ಕಾಗದ’ ಅಂತ ಹೇಳಿ ಒಂದು ರೇಟ್ ತಗೊಳ್ಳಿ. ಫೋಟೋಗೆ ಕಟ್ಟು ಹಾಕೋ ಅಂಗಡಿಯಲ್ಲಿ ಮೌಂಟ್ ಸಹಿತ ಇನ್ನೊಂದು ರೇಟ್. ಎರಡನ್ನೂ ಕೂಡಿಸಿ. ಆನ್‌ಲೈನ್ ಬೆಲೆ ಅದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಅದು ಅನುಕೂಲಕ್ಕೆ ಕೊಟ್ಟ ಬೆಲೆ, ಪರವಾಗಿಲ್ಲ. ಮೂರು ಪಟ್ಟು ಇದ್ದರೆ ಉಳಿದದ್ದು ಕಥೆಗೆ ಕೊಟ್ಟ ಬೆಲೆ.

ಆ ಕಥೆಯ ಹೆಸರೇ ‘ಲಿಮಿಟೆಡ್ ಎಡಿಷನ್’. ಕಲಾವಿದ ಬದುಕಿದ್ದು, ತಾನೇ ಮೇಲ್ವಿಚಾರಣೆ ಮಾಡಿ, ಇಷ್ಟೇ ಪ್ರತಿ ಅಂತ ನಿಲ್ಲಿಸಿ, ಪೆನ್ಸಿಲ್‌ನಿಂದ ಸಂಖ್ಯೆ ಬರೆದು ಸಹಿ ಹಾಕಿದರೆ ಆ ಮಾತಿಗೆ ತೂಕ ಇದೆ. ಕಾಂಡಿನ್ಸ್ಕಿ ತೀರಿಕೊಂಡಿದ್ದು 1944ರಲ್ಲಿ. ಹೋದ ತಿಂಗಳು ಮುದ್ರಿಸಿದ ಪ್ರತಿಯ ಮೇಲೆ ‘45/500’ ಅಂತ ಬರೆದವರು ಯಾರು? ಅಂಗಡಿಯವರು. ಇವರು 500ಕ್ಕೆ ನಿಲ್ಲಿಸಿದರೂ ಪಕ್ಕದ ಅಂಗಡಿಯವರು ಅದೇ ಚಿತ್ರವನ್ನ ಬೇರೆ ಸೈಜ್‌ನಲ್ಲಿ 5,000 ಹೊಡೆಯೋದನ್ನ ಯಾರೂ ತಡೆಯೋಕಾಗಲ್ಲ. ಸರ್ಟಿಫಿಕೇಟ್ ಕೂಡ ‘ಇದು ನಮ್ಮಲ್ಲಿ ಮುದ್ರಿಸಿದ್ದು’ ಅಂತ ಹೇಳುತ್ತೆ, ಅದಕ್ಕಿಂತ ಹೆಚ್ಚೇನೂ ಹೇಳಲ್ಲ.

ಬೆಲೆ ಏರಬೇಕಾದರೆ ಸರಕು ವಿರಳ ಇರಬೇಕು, ಕೊಳ್ಳೋರು ಇರಬೇಕು. ಇಲ್ಲಿ ಮೊದಲನೆಯದೇ ಇಲ್ಲ. ವಾಪಸ್ ಮಾರೋಕೆ ಹೋದರೆ ಹಳೇ ಕಟ್ಟಿನ ಬೆಲೆ ಸಿಕ್ಕರೆ ಪುಣ್ಯ. ನಿಮ್ಮ ಮನೆ ಲೆಕ್ಕದಲ್ಲಿ ಇದನ್ನ ಕುರ್ಚಿ, ಮೇಜಿನ ಸಾಲಿನಲ್ಲಿ ಬರೆಯಿರಿ, ಎಸ್‌ಐಪಿ ಸಾಲಿನಲ್ಲಿ ಅಲ್ಲ. ವಾಯ್ಸ್ ನೋಟ್ ಕಳಿಸಿದ ಗೆಳೆಯರಿಗೂ ಇದೇ ಮಾತು: ಇಎಂಐ ಬೇಡ. ಗೋಡೆ ಎರಡು ತಿಂಗಳು ಖಾಲಿ ಇದ್ದರೆ ಯಾರೂ ಬಡ್ಡಿ ಕೇಳಲ್ಲ.

ಹಕ್ಕು ಯಾರದ್ದು?

ಭಾರತದ ಕಾಪಿರೈಟ್ ಕಾಯ್ದೆ ಪ್ರಕಾರ ಕಲಾವಿದ ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತೆ. ಕಾಂಡಿನ್ಸ್ಕಿ ಚಿತ್ರಗಳ ಹಕ್ಕು ನಮ್ಮಲ್ಲಿ 2004ರ ಕೊನೆಗೆ ಮುಗಿದಿದೆ. ಯಾರು ಬೇಕಾದರೂ ಮುದ್ರಿಸಬಹುದು, ನೀವೂ ಮುದ್ರಿಸಿಕೊಳ್ಳಬಹುದು. ಎಷರ್ ತೀರಿಕೊಂಡಿದ್ದು 1972ರಲ್ಲಿ, ಹಾಗಾಗಿ 2032ರ ಕೊನೆವರೆಗೂ ಹಕ್ಕು ಇದೆ. ನಮ್ಮವರೇ ಆದ ಎಸ್.ಎಚ್. ರಜಾ, ‘ಬಿಂದು’ ಚಿತ್ರಗಳಿಂದ ಹೆಸರಾದವರು, 2016ರಲ್ಲಿ ತೀರಿಕೊಂಡರು. ಅವರದ್ದು 2076ರವರೆಗೆ.

ಅಂದ್ರೆ 300 ರೂಪಾಯಿಯ ಎಷರ್ ಅಥವಾ ರಜಾ ಪ್ರಿಂಟ್ ಕಂಡರೆ ‘ಲೈಸೆನ್ಸ್ ಇದೆಯಾ?’ ಅಂತ ಕೇಳಿ. ಹಕ್ಕುದಾರರಿಗೆ ಪಾಲು ಹೋಗೋ ಪ್ರಿಂಟ್‌ಗೆ ಸ್ವಲ್ಪ ಜಾಸ್ತಿ ಕೊಡೋದರಲ್ಲಿ ಅರ್ಥ ಇದೆ. ಇನ್ನೂ ಒಂದು ದಾರಿ ಇದೆ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತೆ. 9,000 ರೂಪಾಯಿ ಹಿಡಿದು ಅಲ್ಲಿಗೆ ಹೋದರೆ ಬದುಕಿರೋ ಕಲಾವಿದರ ಕೈಯಿಂದಲೇ ಮೂಲ ಚಿತ್ರ ತರಬಹುದು. ಅದರ ಬೆಲೆ ಏರುತ್ತೆ ಅಂತ ನಾನು ಹೇಳಲ್ಲ. ಆದರೆ ದುಡ್ಡು ಯಾರ ಕೈ ಸೇರಿತು ಅಂತ ನಿಮಗೆ ಗೊತ್ತಿರುತ್ತೆ.

ಆರ್ಡರ್ ಒತ್ತೋ ಮುಂಚೆ

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ:

- ಮೂಲ ಚಿತ್ರದ ಅಳತೆ ಮ್ಯೂಸಿಯಂ ವೆಬ್‌ಸೈಟಿನಲ್ಲಿ ನೋಡಿ, ಅನುಪಾತ ಲೆಕ್ಕ ಹಾಕಿ.
- ಬೆಲೆ ಪಕ್ಕ ಬರೆದಿರೋ ಸೈಜ್ ಪ್ರಿಂಟ್‌ದಾ, ಕಟ್ಟು ಸೇರಿಸಿದ್ದಾ ಅಂತ ಕೇಳಿ.
- ಇಂಕು, ಕಾಗದ, ಮೌಂಟ್, ಗಾಜು: ನಾಲ್ಕಕ್ಕೂ ಬರಹದಲ್ಲಿ ಉತ್ತರ ತಗೊಳ್ಳಿ.
- ಗಾಜು ಒಡೆದು ಬಂದರೆ ವಾಪಸ್ ತಗೋತಾರಾ ನೋಡಿ. ಪಾರ್ಸೆಲ್ ಬಿಚ್ಚೋವಾಗ ವಿಡಿಯೋ ಮಾಡಿ.
- ಹೇಳಿದ್ದೇ ಒಂದು, ಕಳಿಸಿದ್ದೇ ಒಂದು ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಕೊನೆಯದಾಗಿ ಒಂದು ಮಾತು. ‘ಕಾಂಪೊಸಿಷನ್ 8’ ಎರಡು ಮೀಟರ್ ಅಗಲದ ಚಿತ್ರ. ಎ3ಯಲ್ಲಿ ಅದರ ಅಗಲ ಐದನೇ ಒಂದು ಭಾಗಕ್ಕೆ ಇಳಿಯುತ್ತೆ. ಮುಂದೆ ನಿಂತಾಗ ಆಗೋ ಅನುಭವ ಅದರಲ್ಲಿ ಬರಲ್ಲ. ಅದೇ ಎಷರ್‌ನ ‘ಸರ್ಕಲ್ ಲಿಮಿಟ್ 3’ರ ವ್ಯಾಸ 41.5 ಸೆಂಟಿಮೀಟರ್. ಲೈಸೆನ್ಸ್ ಇರೋ ಪ್ರತಿ ಸಿಕ್ಕರೆ ಎ2 ಹಾಳೆಯಲ್ಲಿ ಮೂಲದಷ್ಟೇ ದೊಡ್ಡದಾಗಿ ಕೂರುತ್ತೆ. ಚಿಕ್ಕ ಗೋಡೆ, ಚಿಕ್ಕ ಬಜೆಟ್ ಇದ್ದಾಗ ಮೂಲವೇ ಚಿಕ್ಕದಿರೋ ಚಿತ್ರ ಆರಿಸೋದು ಜಾಣತನ.

ನಿಮ್ಮ ಮನೆ ಗೋಡೆ ಮೇಲಿನ ವೃತ್ತ ಅಳೆದು ನೋಡಿದ್ರಾ? ಅಡ್ಡ ಎಷ್ಟು, ಉದ್ದ ಎಷ್ಟು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.